ಈ ಗುಳಿಗೆ ಉಷ್ಣವಾ?

ಕುಮಟಾದಲ್ಲಿ ಔಷಧಿ ಅಂಗಡಿ ಇಟ್ಟು 17 ವರ್ಷ ಆಯಿತು. 'ಎಷ್ಟಾಯ್ತು?' ಅನ್ನುವುದನ್ನು ಬಿಟ್ಟರೆ ಈ ಕೌಂಟರಿನಲ್ಲಿ ನಾನು ಜಾಸ್ತಿ ಕೇಳಿಸಿಕೊಂಡ ಪ್ರಶ್ನೆ ಒಂದೇ: 'ಈ ಗುಳಿಗೆ ಉಷ್ಣವಾ?' ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಬಂದವರು ಕೇಳುತ್ತಾರೆ. ದೇವಿಮನೆ ಘಟ್ಟ ಇಳಿದು ಬಂದ ತೋಟದವರು ಕೇಳುತ್ತಾರೆ. ವಿಜ್ಞಾನ ಪಾಠ ಮಾಡುವ ಮೇಷ್ಟ್ರೂ ಕೇಳುತ್ತಾರೆ. ಅವರು ದನಿ ತಗ್ಗಿಸಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಥರ್ಮಾಮೀಟರಿಗೆ ಸಿಗದ ಬಿಸಿ ಇದು. ಹುರುಳಿ, ಬಂಗಡೆ, ಮಾವಿನಹಣ್ಣು ಒಂದು ಪಕ್ಷ. ಎಳನೀರು, ಮಜ್ಜಿಗೆ, ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಜಡೆ ಕಟ್ಟಿ ತೂಗುಹಾಕುವ ನಮ್ಮ ಸಿಹಿ ಈರುಳ್ಳಿ ಇನ್ನೊಂದು ಪಕ್ಷ. ಕಣ್ಣು ಉರಿದರೆ, ಬಾಯಿ ಹುಣ್ಣಾದರೆ, ಮೂತ್ರ ಹಳದಿಯಾದರೆ ಉಷ್ಣ ಏರಿದೆ ಅಂತ ಅರ್ಥ. ನಾನೇನು ಇದರಿಂದ ಹೊರಗಿನವಳಲ್ಲ. ನನ್ನ ತವರು ಶಿರಸಿ ಕಡೆ. ಔಷಧಿ ಶಾಸ್ತ್ರ ಓದಿ ಪಾಸಾದವಳ ಮನೆಯಲ್ಲಿ ಇವತ್ತಿಗೂ ಏಪ್ರಿಲ್ ತಿಂಗಳಲ್ಲಿ ಹುರುಳಿ ಸಾರು ಮಾಡುವುದಿಲ್ಲ. ಒಂದೆಲಗದ ತಂಬುಳಿಯೇ.

ಆದರೂ ಅಂಗಡಿ ಶುರುಮಾಡಿದ ಹೊಸದರಲ್ಲಿ ನನ್ನ ಉತ್ತರ ರೆಡಿ ಇರುತ್ತಿತ್ತು. 'ಹಾಗೆಲ್ಲ ಏನೂ ಇಲ್ಲ, ಸುಮ್ನೆ ತಗೊಳ್ಳಿ.' ಕೇಳಿದವರು ತಲೆ ಆಡಿಸಿ ಹೋಗುತ್ತಿದ್ದರು. ಒಪ್ಪಿಕೊಂಡರು ಅಂದುಕೊಳ್ಳುತ್ತಿದ್ದೆ.

ಒಂದು ಮೇ ತಿಂಗಳ ಮಧ್ಯಾಹ್ನ, ನಲವತ್ತರ ಆಸುಪಾಸಿನ ಒಬ್ಬರು ಬಂದರು. ಗದ್ದೆ ಕೆಲಸದವರು. ಕೌಂಟರಿನಲ್ಲಿ ಇನ್ನೂ ಮೂರು ಜನ ಇದ್ದರು. 'ಉರಿಮೂತ್ರಕ್ಕೆ ಏನಾದ್ರೂ ಕೊಡಿ, ಉಷ್ಣ ಜಾಸ್ತಿ ಆಗಿದೆ' ಅಂದರು. ಉರಿ ತುಂಬಾ ಇದೆಯಾ ಅಂತ ಕೇಳಿದೆ. 'ಉರಿ ಏನಿಲ್ಲ, ಕೆಂಪಗೆ ಹೋಗ್ತದೆ.' ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೇಸಿಗೆ, ನೀರು ಕಮ್ಮಿ ಕುಡಿದಿರಬೇಕು ಅಂತ ಉರಿಮೂತ್ರದ ಸಿರಪ್ಪು ಒಂದು ಬಾಟಲಿ ಕೊಟ್ಟೆ. ಚಿಲ್ಲರೆ ಎಣಿಸಿಕೊಂಡು ಹೋದರು.

ಎರಡು ತಿಂಗಳಾದ ಮೇಲೆ, ಮಳೆಗಾಲದಲ್ಲಿ, ಅವರೇ ಮತ್ತೆ ಬಂದರು. ಜೊತೆಗೆ ಆಶಾ ಕಾರ್ಯಕರ್ತೆ ಇದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಗ ವಿಷಯ ಹೊರಬಂತು. ಅವರಿಗೆ ಕ್ಷಯ. ಸರ್ಕಾರದ ಗುಳಿಗೆ ಶುರು ಮಾಡಿ ಮೂರು ವಾರಕ್ಕೆ ಬಿಟ್ಟಿದ್ದರು. ಮೂತ್ರ ಕೆಂಪಾಯಿತು, ಗುಳಿಗೆ ಮೈಯನ್ನು ಸುಡುತ್ತಿದೆ, ಬಿಟ್ಟರೆ ತಂಪಾಗುತ್ತದೆ ಅಂತ ಅವರ ಲೆಕ್ಕ. ಬಿಟ್ಟ ಎರಡೇ ದಿನಕ್ಕೆ ಬಣ್ಣ ತಿಳಿಯಾಯಿತಂತೆ. ಲೆಕ್ಕ ಸರಿ ಬಂತಲ್ಲ!

ಕ್ಷಯದ ಔಷಧಿಗಳಲ್ಲಿ ರಿಫಾಂಪಿಸಿನ್ ಅಂತ ಒಂದಿದೆ. ಅದರ ಬಣ್ಣವೇ ಇಟ್ಟಿಗೆ ಕೆಂಪು. ನುಂಗಿದರೆ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ ಕೆಂಪಾಗುತ್ತದೆ. ಅದು ರಕ್ತ ಅಲ್ಲ, ಉರಿಯೂ ಅಲ್ಲ, ಬರೀ ಬಣ್ಣ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು. ಕೆಲವೇ ವಾರದಲ್ಲಿ ಕೆಮ್ಮು ಇಳಿದು ಹಸಿವು ಮರಳುತ್ತದೆ, ಆದರೆ ರೋಗಾಣು ಪೂರ್ತಿ ಸತ್ತಿರುವುದಿಲ್ಲ. ನಡುವೆ ಬಿಟ್ಟರೆ ಉಳಿದವು ಔಷಧಿಗೆ ಬಗ್ಗದೆ ಗಟ್ಟಿಯಾಗಬಹುದು. ಅವರಿಗೆ ಕಫ ಮತ್ತೆ ಪರೀಕ್ಷೆ ಮಾಡಿಸಿ ಔಷಧಿ ಪುನಃ ಶುರುಮಾಡಿಸಿದರು.

ನಾನು ಎಷ್ಟೋ ದಿನ ಆ ಮಧ್ಯಾಹ್ನವನ್ನೇ ಯೋಚಿಸುತ್ತಿದ್ದೆ. 'ಬೇರೆ ಏನಾದರೂ ಗುಳಿಗೆ ತಗೊಳ್ತಾ ಇದ್ದೀರಾ?' ಅಂತ ಒಂದು ಮಾತು ಕೇಳಬಹುದಿತ್ತು. ಕೆಂಪು ಮೂತ್ರ ಅಂದ ಕೂಡಲೇ ಡಾಕ್ಟರ ಹತ್ತಿರ ಕಳಿಸಲೇಬೇಕಿತ್ತು. ಇನ್ನೊಂದು ವಿಷಯವೂ ಆಗಲೇ ಹೊಳೆದದ್ದು. ಕ್ಷಯ ಅಂತ ನಾಲ್ಕು ಜನರ ಮುಂದೆ ಹೇಳಲು ಆಗುವುದಿಲ್ಲ. ಮೂಲವ್ಯಾಧಿ ಅಂತ, ಬಿಳಿಮುಟ್ಟು ಅಂತ ಹೇಳಲು ಆಗುವುದಿಲ್ಲ. ಉಷ್ಣ ಅಂತ ಹೇಳಬಹುದು. ಮರ್ಯಾದೆ ಹೋಗದ ಕಾಯಿಲೆ ಅದು. ಮೂಢನಂಬಿಕೆ ಅಂತ ನಾನು ತಳ್ಳಿಹಾಕುತ್ತಿದ್ದ ಮಾತಿನ ಮರೆಯಲ್ಲಿ ಜನ ಏನೇನೋ ಹೇಳುತ್ತಿದ್ದರು.

ಈಗ ಯಾರಾದರೂ 'ಉಷ್ಣವಾ?' ಅಂದರೆ ನಾನು ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. 'ನಿಮಗೆ ಏನಾಗ್ತದೆ ಹೇಳಿ' ಅನ್ನುತ್ತೇನೆ. ಒಬ್ಬೊಬ್ಬರದು ಒಂದೊಂದು. ಮಂಡಿ ನೋವಿಗೆ ಡೈಕ್ಲೋಫಿನಾಕ್ ನುಂಗಿದವರಿಗೆ ಹೊಟ್ಟೆ ಉರಿ. ಹೊಟ್ಟೆಯ ಒಳಗೋಡೆಗಿರುವ ರಕ್ಷಣೆಯನ್ನು ಆ ಗುಳಿಗೆ ನಿಜವಾಗಿಯೂ ಕಮ್ಮಿ ಮಾಡುತ್ತದೆ. ಅಲ್ಲಿ ಜನರ ಮಾತೇ ಸರಿ. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಬರೆಸಿಕೊಂಡವರು ಎದೆ ಉರಿ ಅನ್ನುತ್ತಾರೆ. ವಿಚಾರಿಸಿದರೆ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿರುತ್ತಾರೆ. ಗುಳಿಗೆ ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತದೆ. ದೊಡ್ಡ ಲೋಟ ನೀರು ಕುಡಿದು ಅರ್ಧ ಗಂಟೆ ಕೂತಿದ್ದರೆ ಆ ಉರಿ ಇಲ್ಲ. ಇನ್ನು ಬಿ ಕಾಂಪ್ಲೆಕ್ಸ್ ಕಥೆ ತಮಾಷೆ. ಉಷ್ಣಕ್ಕೆ ಅಂತಲೇ ಕೇಳಿ ಒಯ್ಯುತ್ತಾರೆ, ಮೂತ್ರ ಗಾಢ ಹಳದಿಯಾಯಿತು, ಉಷ್ಣ ಇನ್ನೂ ಏರಿತು ಅಂತ ವಾಪಸ್ ಬರುತ್ತಾರೆ. ಅದರಲ್ಲಿರುವ ರೈಬೋಫ್ಲೇವಿನ್ ಬಣ್ಣ ಅದು.

ನಿಜವಾದ ತೊಂದರೆ ಬರುವುದು ಉಷ್ಣ ಇಳಿಸಲು ಮಾಡುವ ಉಪಾಯದಲ್ಲಿ. ತಂಪು ಅಂದರೆ ಹಾಲು, ಅಲ್ವಾ? ಗುಳಿಗೆಯನ್ನು ಹಾಲಿನಲ್ಲೇ ನುಂಗುತ್ತಾರೆ. ಹಾಲಿನ ಕ್ಯಾಲ್ಸಿಯಂ ಸಿಪ್ರೊಫ್ಲೊಕ್ಸಾಸಿನ್‌ನಂಥ ಔಷಧಿಯನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಪೂರ್ತಿ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಗುಳಿಗೆಯದೂ ಹೀಗೇ, ಚಹಾ ಜೊತೆಗಾದರೂ ಅಷ್ಟೇ. ಹಾಗಂತ ಹಾಲು ಬೇಡ ಅಂದು ಸುಮ್ಮನಾದರೆ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೆ ನಾನು ಬೇರೆ ತಂಪು ಹುಡುಕಿಕೊಡುತ್ತೇನೆ. ಕಬ್ಬಿಣದ ಗುಳಿಗೆಗೆ ನಿಂಬೆ ಪಾನಕ. ಅದು ನಮ್ಮವರ ಲೆಕ್ಕದಲ್ಲಿ ತಂಪು. ನಿಂಬೆಯ ಸಿ ವಿಟಮಿನ್ ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುವುದೂ ನಿಜ. ಹಾಲನ್ನು ಎರಡು ತಾಸು ಬಿಟ್ಟು ಕುಡಿದರಾಯಿತು.

ನನ್ನ ಜೊತೆ ಓದಿದ ಗೆಳತಿಯೊಬ್ಬಳು, ನೀನು ಇಲ್ಲದ ಉಷ್ಣಕ್ಕೆ ಮಣೆ ಹಾಕಿ ಕೂರಿಸುತ್ತೀಯ ಅಂತ ಬೈಯುತ್ತಾಳೆ. ಇರಬಹುದು. ಆದರೆ ಎಲ್ಲದಕ್ಕೂ ಹಾಕುವುದಿಲ್ಲ. ಭೇದಿ ಆಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಜಾಸ್ತಿ ಆಗುತ್ತದೆ ಅಂತ ಬಾಯಿ ಒಣಗಿಸುವವರ ಹತ್ತಿರ, ಶೀತ ಆಗುತ್ತದೆ ಅಂತ ಬಾಣಂತಿಗೆ ನೀರು ಅಳೆದು ಕೊಡುವವರ ಹತ್ತಿರ ನಾನು ಜಗಳವನ್ನೇ ಆಡಿದ್ದೇನೆ. ಅಲ್ಲಿ ಹೊಂದಾಣಿಕೆಗೆ ಸಮಯ ಇರುವುದಿಲ್ಲ.

ಮೊನ್ನೆ ಒಬ್ಬರು ಅಜ್ಜಿ ಬಸುರಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಕಬ್ಬಿಣದ ಗುಳಿಗೆ, ದಿನಕ್ಕೊಂದರಂತೆ 180 ದಿನ ನುಂಗಲು ಕೊಡುವುದು. ಶೀಟಿನಲ್ಲಿ ನಾಲ್ಕೇ ಖಾಲಿ.

'ಇದು ಉಷ್ಣವಾ?'

'ಅವಳಿಗೆ ಏನಾಗ್ತದೆ?'

ಹುಡುಗಿ ಅಜ್ಜಿಯ ಮುಖ ನೋಡಿ, ನನ್ನ ಹತ್ತಿರ ಬಗ್ಗಿ, ಮಲ ಕಪ್ಪಗೆ ಹೋಗುತ್ತದೆ, ಗಟ್ಟಿ ಅಂದಳು. ಮೈಗೆ ಹತ್ತದೆ ಉಳಿದ ಕಬ್ಬಿಣ ಆ ಬಣ್ಣ ಕೊಡುತ್ತದೆ, ಹೆದರಬೇಡ ಅಂದೆ. ನೀರು, ಬಸಳೆ, ಹಣ್ಣು ಜಾಸ್ತಿ ಮಾಡು ಅಂದೆ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆ ಪಾನಕದ ಜೊತೆ ನುಂಗು ಅಂದೆ. ಅಜ್ಜಿಯ ಮುಖ ಸಡಿಲವಾಯಿತು. ಪಾನಕ ಅಂದರೆ ಸರಿ. ಮೆಟ್ಟಿಲು ಇಳಿದವರು ಮತ್ತೆ ವಾಪಸ್ ಬಂದರು.

'ಪಾನಕಕ್ಕೆ ಬೆಲ್ಲ ಹಾಕಬಹುದಾ? ಬೆಲ್ಲ ಉಷ್ಣ ಅಲ್ವಾ?'

ನನ್ನ ಅಮ್ಮನೂ ಹೀಗೇ ಹೇಳುತ್ತಿದ್ದಳು. ಒಂದು ಕ್ಷಣ ತಡೆದು, ಸಕ್ಕರೆ ಹಾಕಿ ಅಂದೆ.