ಗಾಡಿ ಎತ್ತರ ಇಳಿಸೋ ಮುಂಚೆ ಒಂದು ಜಿಪ್ ಟೈ ಕಟ್ಟಿ

ನನ್ನ 2014ರ ಸ್ವಿಫ್ಟ್‌ನಲ್ಲಿ ಟೈರಿಗೂ ಅದರ ಮೇಲಿನ ತಗಡಿಗೂ (ಫೆಂಡರ್) ಮಧ್ಯೆ ನಾಲ್ಕು ಬೆರಳು ಜಾಗ ಇತ್ತು. ಅದು ಎರಡು ಬೆರಳಾಗಬೇಕು ಅಂತ ಬಹಳ ದಿನದ ಆಸೆ. ಒಂದು ಗ್ಯಾರೇಜಿನಲ್ಲಿ ಕೇಳಿದೆ. "ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿದ್ರೆ ಆಯ್ತು ಸರ್" ಅಂದರು. ಮಾಡಿಸಿದೆ. ಮುಂದೆ 45 ಮಿ.ಮೀ. ಇಳಿಯಿತು. ನೋಡೋಕೆ ನಿಜಕ್ಕೂ ಚೆಂದ ಇತ್ತು.

ಆ ಭಾನುವಾರವೇ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೊರಟೆ. ಗುಂಡಿ ಸಿಕ್ಕಾಗಲೆಲ್ಲ ಕಾಲಡಿ ಧಡ್ ಅಂತ ಸದ್ದು. ಊರು ಮುಟ್ಟೋ ಹೊತ್ತಿಗೆ ಅಮ್ಮ ಸೊಂಟ ಹಿಡಿದುಕೊಂಡಿದ್ದರು. ಎಂಟು ತಿಂಗಳಲ್ಲಿ ಎಡಗಡೆ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿತು. ಬೇಜಾರಾಗಿ ಮೂಲ ಸ್ಪ್ರಿಂಗ್‌ಗಳನ್ನೇ ಹಾಕಿಸಿದೆ. ಆಮೇಲೆ ಕೂತು ಅಳೆದೆ.

ಶಾಕ್‌ನ ರಬ್ಬರ್ ಕವರ್ ಮೇಲೆತ್ತಿದರೆ ಹೊಳೆಯೋ ದಂಡ ಕಾಣುತ್ತೆ. ಅದರ ಮೇಲ್ಗಡೆ ಇರುವ, ಶಾಕ್ ಪೂರ್ತಿ ಒತ್ತಿಕೊಂಡಾಗ ಬಡಿಯೋ ಮೆತ್ತನೆ ತುಂಡೇ ಬಂಪ್ ಸ್ಟಾಪ್. ಗಾಡಿ ನೆಲದ ಮೇಲೆ ನಿಂತಿರುವಾಗ ಶಾಕ್‌ನ ಬಾಯಿಂದ ಬಂಪ್ ಸ್ಟಾಪ್‌ವರೆಗೆ ನನ್ನದರಲ್ಲಿ 62 ಮಿ.ಮೀ. ಇತ್ತು. 45 ಇಳಿಸಿದಾಗ ಉಳಿದಿದ್ದು ಬರೀ 17. ಅಷ್ಟರಲ್ಲಿ ಯಾವ ಗುಂಡಿ ದಾಟೋಕಾಗುತ್ತೆ ಹೇಳಿ? ನಾನು ಕೇಳಿದ ಧಡ್ ಸದ್ದು ಅದೇ.

ದಂಡಕ್ಕೆ ಒಂದು ಜಿಪ್ ಟೈ (ವೈರ್ ಕಟ್ಟೋ ಪ್ಲಾಸ್ಟಿಕ್ ಪಟ್ಟಿ) ಬಿಗಿಯಾಗಿ ಕಟ್ಟಿ, ಶಾಕ್‌ನ ಬಾಯಿವರೆಗೆ ಕೆಳಗೆ ತಳ್ಳಿ. ನಿಮ್ಮ ದಿನದ ರಸ್ತೆಯಲ್ಲಿ ಒಂದು ವಾರ ಓಡಿಸಿ. ಜಿಪ್ ಟೈ ಎಲ್ಲಿಗೆ ಹೋಗಿ ನಿಂತಿದೆಯೋ ಅಲ್ಲಿವರೆಗೆ ಶಾಕ್ ಒತ್ತಿಕೊಂಡಿದೆ ಅಂತ ಅರ್ಥ. ಎಷ್ಟು ಇಳಿಸಬಹುದು ಅನ್ನೋದನ್ನು ಫೆಂಡರ್ ನೋಡಿ ನಿರ್ಧರಿಸಬೇಡಿ, ಇದನ್ನು ನೋಡಿ.

ಇನ್ನು ಸ್ಪ್ರಿಂಗ್. ಕಟ್ ಮಾಡಿದರೆ ಅದು ಗಿಡ್ಡ ಆಗೋದಷ್ಟೇ ಅಲ್ಲ, ಗಟ್ಟಿಯೂ ಆಗುತ್ತೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಹೋದರೆ 20% ಜಾಸ್ತಿ ಗಟ್ಟಿ. ತಂತಿಯ ದಪ್ಪವಂತೂ ಇನ್ನೂ ಸೂಕ್ಷ್ಮ: 12 ಮಿ.ಮೀ. ಇದ್ದದ್ದು 13 ಆದರೆ ಸ್ಪ್ರಿಂಗ್ ಸುಮಾರು 38% ಗಟ್ಟಿ. ಕಟ್ ಮಾಡಿದ ತುದಿ ತನ್ನ ಸೀಟಿನಲ್ಲಿ (ಸ್ಪ್ರಿಂಗ್ ಕೂರೋ ತಟ್ಟೆ) ಸರಿಯಾಗಿ ಕೂರೋದೂ ಇಲ್ಲ. ಗ್ಯಾಸ್ ಕಟರ್ ಹಿಡಿದರೆ ಆ ಜಾಗದ ಉಕ್ಕಿನ ಹದವೇ ಕೆಡುತ್ತೆ. ದಯವಿಟ್ಟು ಮಾಡಿಸಬೇಡಿ.

ಸ್ಪ್ರಿಂಗ್ ಭಾರ ಹೊರುತ್ತೆ, ಡ್ಯಾಂಪರ್ (ಅಂದ್ರೆ ಶಾಕ್ ಅಬ್ಸಾರ್ಬರ್) ಆ ಸ್ಪ್ರಿಂಗಿನ ಕುಣಿತ ಹಿಡಿಯುತ್ತೆ. ಒತ್ತಿಕೊಂಡ ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸ್ ತಳ್ಳುತ್ತೆ. ಹಳೇ ಡ್ಯಾಂಪರಿಗೆ ಅಷ್ಟು ತಡೆಯೋ ಶಕ್ತಿ ಇಲ್ಲ, ಹಂಪ್ ದಾಟಿದ ಮೇಲೂ ಮೂತಿ ಎರಡು ಸಲ ಕುಣಿಯುತ್ತೆ. ಮುಖ್ಯವಾಗಿ ಬೇಕಿರೋದು ಈ ವಾಪಸ್ ಬರುವಾಗಿನ ಹಿಡಿತ. 20% ಗಟ್ಟಿ ಸ್ಪ್ರಿಂಗಿಗೆ ಸುಮಾರು 10% ಜಾಸ್ತಿ ಹಿಡಿತ ಸಾಕು. ಸುಮ್ನೆ ತೀರಾ ಬಿಗಿ ಮಾಡಿದರೆ ಚಕ್ರ ಗುಂಡಿಯೊಳಗೆ ಇಳಿಯೋದೇ ಇಲ್ಲ, ಹಾರುತ್ತೆ. ಅದಕ್ಕೇ ಎರಡನ್ನೂ ಜೋಡಿಯಾಗಿ ತಗೊಳ್ಳಿ. ಡ್ಯಾಂಪರ್ ಬಾಡಿ ಸ್ವಲ್ಪ ಗಿಡ್ಡ ಇದ್ದರೆ ಒತ್ತಿಕೊಳ್ಳೋಕೆ ಕಳೆದುಕೊಂಡ ಜಾಗ ಒಂದಷ್ಟು ವಾಪಸ್ ಸಿಗುತ್ತೆ. ಇನ್ನೊಂದು, ಜ್ಯಾಕ್ ಹಾಕಿ ಚಕ್ರ ಪೂರ್ತಿ ಜೋತುಬಿದ್ದಾಗಲೂ ಸ್ಪ್ರಿಂಗ್ ಸೀಟಿನಲ್ಲಿ ಬಿಗಿಯಾಗಿರಬೇಕು. ಕೈಯಲ್ಲಿ ತಿರುಗಿದರೆ ಆ ಸ್ಪ್ರಿಂಗ್ ಬೇಡ.

ಕೊನೆಗೆ ನಾನು ಮುಂದೆ 25 ಮಿ.ಮೀ. ಇಳಿಸುವ ಜೋಡಿ ಹಾಕಿಸಿದೆ. ಹಿಂದೆ 20 ಸಾಕು ಅಂದುಕೊಂಡೆ, ಯಾಕಂದ್ರೆ ಕೊಯ್ಲಿನ ಸಮಯದಲ್ಲಿ ಡಿಕ್ಕಿಗೆ ಎರಡು ಚೀಲ ಕಾಫಿ ಬಿದ್ದರೆ ಹಿಂಭಾಗ ತಾನೇ 22 ಮಿ.ಮೀ. ಕೂರುತ್ತೆ. ಕಂಪನಿ ಲೆಕ್ಕದ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ ಅಷ್ಟನ್ನೂ ಕಳೆದು ನೋಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ಹೋಗೋ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕಿತ್ತು. ನಮ್ಮ ಕಡೆ ಅಷ್ಟು ಅಗಲದ ಹಂಪ್ ಎಲ್ಲಿದೆ? ಚೂಪಾಗಿ ಎದ್ದು ನಿಂತಿರೋದೇ ಜಾಸ್ತಿ ಅಲ್ವಾ.

ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡೋದು) ಮಾತ್ರ ಫಿಟ್ಟಿಂಗ್ ದಿನ ಒಂದು ಸಲ, 500 ಕಿ.ಮೀ. ಆದ ಮೇಲೆ ಇನ್ನೊಂದು ಸಲ ಮಾಡಿಸಿ.

ಬೆರಳಿನ ಲೆಕ್ಕದಲ್ಲಿ ಈಗ ಎರಡೂವರೆ ಇದೆ. ಹೋದ ವಾರ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಹತ್ತಿ ಬಂದೆ, ಅಮ್ಮನೂ ಇದ್ದರು. ಮನೆಗೆ ಬಂದು ಕವರ್ ಎತ್ತಿ ನೋಡಿದರೆ ಜಿಪ್ ಟೈಗೂ ಬಂಪ್ ಸ್ಟಾಪಿಗೂ ಮಧ್ಯೆ ಇನ್ನೂ 9 ಮಿ.ಮೀ. ಉಳಿದಿತ್ತು.