ಬಂದನೋ, ಬಂದರೋ: ಮೊದಲ ಕಾದಂಬರಿಗೆ ಕೂರುವ ಮುನ್ನ

ಕತೆ ತಲೆಯಲ್ಲಿ ಪೂರ್ತಿ ಇದೆ, ಬರೆಯಲು ಕೂತರೆ ಹತ್ತನೇ ಪುಟಕ್ಕೇ ನಿಂತುಬಿಡುತ್ತದೆ. ಮೊದಲ ಕಾದಂಬರಿಗೆ ಕೈಹಾಕಿದ ಬಹಳಷ್ಟು ಜನರ ಪಾಡು ಇದು. ಘಟನೆ ಸಾಲಲಿಲ್ಲವೇನೋ ಅಂತ ಇನ್ನೆರಡು ಸಾವು, ಒಂದು ಮದುವೆ ತುರುಕುತ್ತಾರೆ. ಕೊರತೆ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ: ಈ ಕತೆಯನ್ನು ಹೇಳುತ್ತಿರುವುದು ಯಾರು ಎಂಬುದೇ ತೀರ್ಮಾನವಾಗಿರುವುದಿಲ್ಲ.

ಕನ್ನಡದಲ್ಲಿ ನಿರೂಪಕನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಕ್ರಿಯಾಪದದ ಕೊನೆಯೇ ಅವನನ್ನು ಹಿಡಿದುಕೊಡುತ್ತದೆ. 'ಗೌಡರು ಜಗಲಿಗೆ ಬಂದರು. ಮಾರ ಅಂಗಳದಲ್ಲಿ ನಿಂತಿದ್ದ.' ಇಬ್ಬರಿಗೂ ಅರವತ್ತು ವರ್ಷ ಅಂತಿಟ್ಟುಕೊಳ್ಳಿ. ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ. ನಿರೂಪಕ ಜಗಲಿಯ ಮೇಲೆ ಕೂತಿದ್ದಾನೆ ಎಂದು ಓದುಗರಿಗೆ ಗೊತ್ತಾಗಿಹೋಯಿತು. ಆ ಮನೆಯ ಮೊಮ್ಮಗನ ಕಣ್ಣಲ್ಲಿ ಕತೆ ಸಾಗುತ್ತಿದ್ದರೆ ಹಾಗೇ ಇರಬೇಕು. ಗೊತ್ತಿಲ್ಲದೆ ಆಗಿದ್ದರೆ, ಮುಂದೆ ಮಾರನ ನೋವಿನ ಬಗ್ಗೆ ಮೂವತ್ತು ಪುಟ ಬರೆದರೂ ಅದು ಜಗಲಿಯಿಂದ ಕಂಡ ನೋವೇ. ಇಬ್ಬರಿಗೂ 'ಬಂದ, ನಿಂತಿದ್ದ' ಎಂದು ಬರೆದು ನೋಡಿ, ಆಮೇಲೆ ಇಬ್ಬರಿಗೂ 'ಬಂದರು, ನಿಂತಿದ್ದರು' ಎಂದು ಬರೆದು ನೋಡಿ. ಒಂದೊಂದರಲ್ಲೂ ಊರೇ ಬೇರೆಯಾಗಿ ಕಾಣುತ್ತದೆ. ಅಮ್ಮ 'ಬಂದಳು' ಎನ್ನುವ ಮನೆಗೂ 'ಬಂದರು' ಎನ್ನುವ ಮನೆಗೂ ಇರುವ ವ್ಯತ್ಯಾಸ ನಿಮಗೇ ಗೊತ್ತು. ಮುಖ್ಯ ಪಾತ್ರಗಳೆಲ್ಲರ ಹೆಸರಿನ ಮುಂದೆ ಏಕವಚನವೋ ಬಹುವಚನವೋ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟೇ ಮೊದಲ ಅಧ್ಯಾಯ ಶುರುಮಾಡಿ. ನಡುವೆ ಬದಲಾದರೆ ಅದಕ್ಕೆ ಕತೆಯೊಳಗೇ ಕಾರಣ ಇರಬೇಕು.

ಇದರ ಜೊತೆಗೇ ಬರುವುದು 'ತಾನು'. 'ಅಲ್ಲಿಗೆ ಬರಬಾರದಿತ್ತು ಎಂದು ಸುಮಾಳಿಗೆ ಅನ್ನಿಸಿತು' ಎಂಬುದು ವರದಿ. 'ಸುಮಾ ಬಾಗಿಲಲ್ಲೇ ನಿಂತಳು. ತಾನು ಬರಬಾರದಿತ್ತು.' ಈಗ ನಾವು ಅವಳ ಒಳಗಿದ್ದೇವೆ, 'ಅನ್ನಿಸಿತು' ಬೇಕಾಗಲೇ ಇಲ್ಲ. ಇಂಥ ಸಲಕರಣೆ ಕೈಯಲ್ಲಿರುವಾಗ ಪುಟಪುಟಕ್ಕೂ 'ಯೋಚಿಸಿದಳು', 'ಅಂದುಕೊಂಡಳು' ಎಂದು ಬರೆಯುವುದು ದಂಡ. ಆದರೆ ಒಂದೇ ದೃಶ್ಯದಲ್ಲಿ ಇಬ್ಬರ 'ತಾನು' ಬೆರೆಸಬೇಡಿ, ಓದುಗರಿಗೆ ಯಾರ ತಲೆಯಲ್ಲಿದ್ದೇವೆ ಎಂಬುದೇ ತಪ್ಪುತ್ತದೆ.

ಸಿಟ್ಟು, ದುಃಖಗಳ ಹೆಸರು ಹೇಳಿ ಮುಗಿಸುವುದು ಮೊದಲ ಕರಡಿನ ಇನ್ನೊಂದು ಕಾಯಿಲೆ. 'ಶಾಂತಮ್ಮನಿಗೆ ಮಗನ ಮೇಲೆ ವಿಪರೀತ ಸಿಟ್ಟಿತ್ತು, ತೋರಿಸಿಕೊಳ್ಳಲಿಲ್ಲ' ಎಂದಿದ್ದರೆ ಅದನ್ನು ಊಟದ ಹೊತ್ತಿಗೆ ತನ್ನಿ: 'ಶಾಂತಮ್ಮ ಅನ್ನ ಬಡಿಸಿದಳು. ಸಾರು ಹಾಕಿದಳು. ತುಪ್ಪದ ಮಿಳ್ಳೆ ಕೈಯಳತೆಯಲ್ಲೇ ಇತ್ತು. ಅದನ್ನು ಮುಟ್ಟದೆ ಒಳಗೆ ಹೋದಳು.' ಎಲ್ಲವನ್ನೂ ಹೀಗೆ ಬರೆಯಲು ಹೋದರೆ ಪುಸ್ತಕ ಸಾವಿರ ಪುಟವಾಗುತ್ತದೆ. ಸಂಬಂಧ ತಿರುಗುವ ಕಡೆ ದೃಶ್ಯ ಕಟ್ಟಿ. ಐದು ವರ್ಷ ಕಳೆದದ್ದನ್ನು ಎರಡು ಸಾಲಲ್ಲಿ ದಾಟಿಸಿ.

ಮಾತಿನ ವಿಷಯದಲ್ಲಿ ಜಿಲ್ಲೆ ಗೊತ್ತಿದ್ದರಷ್ಟೇ ಸಾಲದು. ಧಾರವಾಡದಲ್ಲೇ ಒಂದು ಮನೆಯಲ್ಲಿ 'ಮಾಡ್ಲಿಕ್ಕೆ ಹತ್ತೀರಿ', ಇನ್ನೊಂದು ಮನೆಯಲ್ಲಿ 'ಮಾಡಾಕ ಹತ್ತೀರಿ'. ಮಂಗಳೂರಿನವರ ಬಾಯಿಗೆ 'ಎಂತ' ಹಾಕಿ, ಉಳಿದದ್ದನ್ನು ಮೈಸೂರಿನ ಕನ್ನಡದಲ್ಲಿ ಬರೆದರೆ ಅಲ್ಲಿನವರು ಮೊದಲ ಸಂಭಾಷಣೆಯಲ್ಲೇ ಪುಸ್ತಕ ಮುಚ್ಚುತ್ತಾರೆ. ನಿಮ್ಮ ಕಿವಿಗೆ ಖಚಿತವಾಗಿ ಗೊತ್ತಿರುವ ಒಂದು ಆಡುಮಾತನ್ನು ಹಿಡಿಯಿರಿ. ಅದರ ಇಪ್ಪತ್ತು ಮೂವತ್ತು ರೂಪಗಳ ಕಾಗುಣಿತ ಬರೆದಿಟ್ಟುಕೊಳ್ಳಿ. ಇಲ್ಲವಾದರೆ 'ಬರ್ತೀನಿ' ಎಂದವನೇ ನೂರನೇ ಪುಟದಲ್ಲಿ 'ಬರುತ್ತೇನೆ' ಎನ್ನುತ್ತಾನೆ.

ಕಾಲದ ತಪ್ಪುಗಳೂ ಮಾತಿನಲ್ಲೇ ನುಸುಳುತ್ತವೆ. 1968ರ ಪಾತ್ರ 'ಕರ್ನಾಟಕ ಸರ್ಕಾರ' ಎನ್ನಲಾಗದು. ಮೈಸೂರು ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. 1985ರಲ್ಲಿ ರೈಲು ಹತ್ತುವವನು ಗುಲ್ಬರ್ಗಾಕ್ಕೆ ಟಿಕೆಟ್ ಕೇಳುತ್ತಾನೆ, ಕಲಬುರಗಿ ಎಂಬುದು ಅಧಿಕೃತವಾದದ್ದು 2014ರಲ್ಲಿ. ನಯೇ ಪೈಸೆ 1957ರಲ್ಲೇ ಬಂದರೂ ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ದಶಕಗಟ್ಟಲೆ ಉಳಿದವು. ಪಾತ್ರಗಳ ಹುಟ್ಟಿದ ವರ್ಷವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ತಾಯಿಗಿಂತ ಹನ್ನೊಂದೇ ವರ್ಷ ಚಿಕ್ಕ ಮಗಳು ಆಗಲೇ ಸಿಕ್ಕಿಬೀಳುತ್ತಾಳೆ.

ಪುಸ್ತಕದ ಉದ್ದದ ಲೆಕ್ಕ ಸರಳ. ಡೆಮಿ 1/8 (ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವ ಅಳತೆ) ಆಕಾರದ ಪುಟದಲ್ಲಿ ಸುಮಾರು 28 ಸಾಲು, ಸಾಲಿಗೆ ಎಂಟು ಪದ ಎಂದಿಟ್ಟುಕೊಂಡರೆ ಪುಟಕ್ಕೆ 220 ಪದದ ಆಸುಪಾಸು. 200 ಪುಟಕ್ಕೆ 44,000 ಪದ. ಇಂಗ್ಲಿಷ್ ಕೈಪಿಡಿಗಳು ಹೇಳುವ 80,000ಕ್ಕೆ ಹೆದರಬೇಡಿ, 'ಹೋಗಬೇಕಾಗಿತ್ತು' ನಮ್ಮಲ್ಲಿ ಒಂದೇ ಪದ. ವಾರಕ್ಕೆ ಐದು ದಿನ 400 ಪದ ಬರೆದರೆ 22 ವಾರಕ್ಕೆ ಕರಡು ಮುಗಿಯುತ್ತದೆ. ಅಷ್ಟು ದಿನ ಹಿಂದಕ್ಕೆ ಹೋಗಿ ತಿದ್ದಬೇಡಿ, ಅನುಮಾನ ಬಂದದ್ದನ್ನು ಅಂಚಿನಲ್ಲಿ ಗುರುತು ಹಾಕಿ ಮುಂದೆ ಸಾಗಿ. ಟೈಪಿಂಗ್ ಮೊದಲಿನಿಂದಲೂ ಯೂನಿಕೋಡ್‌ನಲ್ಲೇ ಇರಲಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಿಂದ ಆಮೇಲೆ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತು ಎಡವಟ್ಟಾಗಿ ಇಡೀ ಪ್ರತಿಯನ್ನು ಮತ್ತೆ ತಿದ್ದಬೇಕಾದೀತು.

ಕರಡು ಮುಗಿದ ಮೇಲೆ ಒಂದು ತಿಂಗಳು ಎತ್ತಿಡಿ. ಆಮೇಲೆ ಸಂಭಾಷಣೆಗಳನ್ನಷ್ಟೇ ಗಟ್ಟಿಯಾಗಿ ಓದಿಕೊಳ್ಳಿ, ನಾಲಿಗೆ ತಡವರಿಸಿದ ಕಡೆ ಗೆರೆ ಹಾಕಿ. ತಿದ್ದಿದ ಪ್ರತಿಯನ್ನು ಮೂವರಿಗೆ ಕೊಡಿ. ಅವರಲ್ಲಿ ಒಬ್ಬರಾದರೂ ಆ ಆಡುಮಾತಿನ ಊರಿನವರಿರಲಿ. 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಅನ್ನುತ್ತಾರೆ. ಯಾವ ಪುಟದಲ್ಲಿ ಎದ್ದು ಕಾಫಿಗೆ ಹೋದಿರಿ ಎಂದು ಕೇಳಿ, ಆ ಪುಟಕ್ಕಿಂತ ನಾಲ್ಕೈದು ಪುಟ ಹಿಂದಿನಿಂದ ತಿದ್ದಲು ಶುರುಮಾಡಿ.