ಎರಡೂ ಕಡೆಯವರು ಅಂದ್ರೆ ಯಾರು ಸಾರ್?

ಶನಿವಾರ ಹಾಸನದ ಕಾಲೇಜೊಂದರಲ್ಲಿ ಎಸ್‌ಕೆಎ ಬಗ್ಗೆ, ಅಂದರೆ ಹಲವು ದೇಶಗಳು ಸೇರಿ ಕಟ್ಟುತ್ತಿರುವ ದೈತ್ಯ ರೇಡಿಯೊ ದೂರದರ್ಶಕದ ಬಗ್ಗೆ, ಮಾತಾಡಲು ಕರೆದಿದ್ದರು. ರಜಕ್ಕೆ ಊರಿಗೆ ಬಂದವನು ಸಿಕ್ಕಿಬಿದ್ದೆ. ಶಾಲು, ಹಣ್ಣಿನ ಬುಟ್ಟಿ, ಫೋಟೋ ಮುಗಿಯುವ ಹೊತ್ತಿಗೆ ಅರ್ಧ ಸಮಯ ಹೋಗಿತ್ತು. ವಿಭಾಗದ ಮುಖ್ಯಸ್ಥರು ಪರಿಚಯಿಸುತ್ತಾ, "ನಮ್ಮ ಎಂಸಿಎಫ್‌ನಲ್ಲಿ ಡಿಶ್‌ಗಳಿವೆಯಲ್ಲ, ಅಂಥವೇ. ಆದರೆ ಇಂಟರ್‌ನ್ಯಾಷನಲ್!" ಅಂದರು. ತಿದ್ದಲು ಮನಸ್ಸಾಗಲಿಲ್ಲ. ಎಂಸಿಎಫ್ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, 1982ರಿಂದ ಉಪಗ್ರಹಗಳ ಜೊತೆ ಮಾತಾಡುತ್ತಾ ಬಂದಿದೆ. ಎಸ್‌ಕೆಎ ದೂರದರ್ಶಕ ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೇ. ಅದರ ಪಾಲಿಗೆ ಉಪಗ್ರಹದ ಮಾತೂ ಗಲಾಟೆಯೇ. ಹಾಸನದಲ್ಲಿ ನಿಂತು ಇದನ್ನು ಹೇಳುವ ಧೈರ್ಯ ಯಾರಿಗಿದೆ?

ದಕ್ಷಿಣ ಆಫ್ರಿಕಾದ ಕರೂನಲ್ಲಿ 197 ಡಿಶ್‌ಗಳು, ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ 1,31,072 ಆಂಟೆನಾಗಳು ಎಂದಾಗ ಹಿಂದಿನ ಬೆಂಚು ಮೊಬೈಲ್ ಕೆಳಗಿಟ್ಟಿತು. ಆಸ್ಟ್ರೇಲಿಯಾದವು ಆಳೆತ್ತರದ ಕಂಬಗಳು, ಅಲ್ಲಾಡುವುದೇ ಇಲ್ಲ. ಒಂದೊಂದರ ಸಂಕೇತವನ್ನೂ ತುಸು ತಡಮಾಡಿ ಕೂಡಿಸುವ ಲೆಕ್ಕದಲ್ಲೇ ಅವು ಆಕಾಶದ ಬೇಕಾದ ಕಡೆಗೆ 'ತಿರುಗುತ್ತವೆ'. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಜಲಜನಕದ ಅಲೆ ಹೊರಟಾಗ 1420 ಮೆಗಾಹರ್ಟ್ಸ್ ಇತ್ತು. ಬ್ರಹ್ಮಾಂಡ ಹಿಗ್ಗಿದಂತೆ ಅದೂ ಹಿಗ್ಗಿ, ಈಗ ನಮ್ಮ ಆಕಾಶವಾಣಿಯ ಎಫ್‌ಎಂ ಬರುವ ಆಸುಪಾಸಿಗೆ ಇಳಿದಿದೆ. ಅದಕ್ಕೇ ಜನರಿಲ್ಲದ ಅಷ್ಟು ದೂರಕ್ಕೆ ಹೋಗಿದ್ದು. ಇಷ್ಟರವರೆಗೆ ಚೆನ್ನಾಗಿತ್ತು.

ಆಮೇಲೆ ನನ್ನ ಕೆಲಸದ ಬಗ್ಗೆ ಹೇಳಿದೆ. ನಾನಿರುವುದು ಪುಣೆಯ ಚಿಕ್ಕ ಕಂಪನಿಯಲ್ಲಿ, ಸಿಸ್ಟಮ್ಸ್ ಇಂಜಿನಿಯರ್. ಆಂಟೆನಾ ಒಂದು ದೇಶದ್ದು, ಸಂಕೇತ ಸಂಸ್ಕರಣೆ ಇನ್ನೊಂದರದ್ದು, ನಿಯಂತ್ರಣದ ಸಾಫ್ಟ್‌ವೇರ್‌ನಲ್ಲಿ ನಮ್ಮವರದ್ದೂ ಪಾಲು. ಇವೆಲ್ಲ ಸೇರುವ ಜಾಗಗಳನ್ನು ನೋಡಿಕೊಳ್ಳುವುದು ನನ್ನಂಥವರ ಕೆಲಸ ಅಂದೆ. ಮೂರನೇ ಸಾಲಿನಲ್ಲಿ ಒಬ್ಬಳು ಎದ್ದಳು.

"ಸಾರ್, ಆಂಟೆನಾನೂ ಸರಿ ಇದೆ, ಸಾಫ್ಟ್‌ವೇರೂ ಸರಿ ಇದೆ, ಸೇರೋ ಜಾಗದಲ್ಲಿ ಕೆಟ್ಟೋಯ್ತು. ಆಗ ಯಾರ್ನ ಕೇಳ್ಬೇಕು?"

"ಅದಕ್ಕೆ ಇಂಟರ್‌ಫೇಸ್ ಡಾಕ್ಯುಮೆಂಟ್ ಅಂತ ಇರುತ್ತಮ್ಮ."

"ಅದನ್ನ ಬರೆಯೋರು ಯಾರು?"

"ಎರಡೂ ಕಡೆಯವರು ಕೂತು ಬರೆದು ಸಹಿ ಹಾಕ್ತಾರೆ."

"ಎರಡೂ ಕಡೆಯವರು ಅಂದ್ರೆ ಯಾರೂ ಅಲ್ಲ ಅಂತಲ್ವಾ ಸಾರ್?"

ಸಭಾಂಗಣ ನಕ್ಕಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಖ್ಯಸ್ಥರು ಮೈಕ್ ಹಿಡಿದು "ಟೈಮ್ ಆಯ್ತು, ವಂದನಾರ್ಪಣೆ" ಅಂದುಬಿಟ್ಟರು. ಅವಳಿಗೂ ಒಂದು ದೃಷ್ಟಿ ಬಿಟ್ಟರು. ಅತಿಥಿಗಳ ಮುಂದೆ ಮರ್ಯಾದೆ ತೆಗೆದಳು ಎಂಬಂಥದ್ದು. ಒಳ್ಳೆಯ ಪ್ರಶ್ನೆ ಕೇಳಿದವರನ್ನು ಕೂರಿಸಿಯೇ ನಮ್ಮ ಕಾಲೇಜುಗಳು ಇಂಜಿನಿಯರುಗಳನ್ನು ತಯಾರು ಮಾಡುವುದು, ಏನು ಹೇಳೋಣ.

ಊಟದಲ್ಲಿ, ಬೈಕಿನಲ್ಲಿ, ರಾತ್ರಿ ದಿಂಬಿಗೆ ತಲೆ ಕೊಟ್ಟಾಗಲೂ ಅದೇ. ಎರಡೂ ಕಡೆಯವರು ಅಂದ್ರೆ ಯಾರೂ ಅಲ್ಲ ಅಂತಲ್ವಾ ಸಾರ್? 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹತ್ತಿರ ಹೋಗಿ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಕಡೆಯದು ಅದನ್ನು ನ್ಯೂಟನ್ ಅಂದುಕೊಂಡು ಓದಿತ್ತು. ಯಾವ ಮಾನದಲ್ಲಿ ಕೊಡಬೇಕು ಎಂದು ಕಾಗದದಲ್ಲಿ ಇಲ್ಲದೆ ಇರಲಿಲ್ಲ, ಇತ್ತು. ಕಾಗದದಲ್ಲಿರುವುದು ನಿಜಕ್ಕೂ ನಡೆಯುತ್ತಿದೆಯೇ ಎಂದು ಕೊನೆಯವರೆಗೂ ನೋಡುವವರು ಇರಲಿಲ್ಲ.

ನಮ್ಮ ಮನೆಯ ಮುಂದಿನ ರಸ್ತೆಯದೂ ಇದೇ ಕಥೆ. ಡಾಂಬರು ಹಾಕಿದವರ ಬಿಲ್ ಪಾಸಾಗಿದೆ, ನೀರಿನ ಪೈಪಿಗೆ ಅಗೆದವರದೂ ಪಾಸಾಗಿದೆ, ಗುಂಡಿ ಮಾತ್ರ ಹಾಗೇ ಇದೆ. ಅಪ್ಪ ಯಾರಿಗೆ ಫೋನ್ ಮಾಡಿದರೂ "ನಮ್ಮದು ಕಂಪ್ಲೀಟ್ ಆಗಿದೆ ಯಜಮಾನ್ರೇ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅದೇ ತಾಪತ್ರಯ.

ಆದರೂ ಗುಂಡಿ ಕಣ್ಣಿಗೆ ಕಾಣುತ್ತದೆ. ದೂರದರ್ಶಕದಲ್ಲಿ ನನ್ನನ್ನು ಹೆಚ್ಚು ಕಾಡುವುದು ಕಾಣದ್ದು: ಅದರ ಸ್ವಂತ ಸದ್ದು. ಸ್ವಿಚ್ಚು, ಎಲ್‌ಇಡಿ ದೀಪ, ಏಸಿ, ಕಂಪ್ಯೂಟರ್, ಕರೆಂಟಿನಿಂದ ನಡೆಯುವ ಪ್ರತಿಯೊಂದೂ ಚೂರುಪಾರು ರೇಡಿಯೊ ಅಲೆ ಸೂಸುತ್ತದೆ. ಹೊರಗಿನ ಗಲಾಟೆ ತಪ್ಪಿಸಿಕೊಂಡು ಮರುಭೂಮಿಗೆ ಹೋದವರು ತಮ್ಮ ಕಂಪ್ಯೂಟರುಗಳನ್ನೇ ಲೋಹದ ಕವಚದ ಕೋಣೆಯೊಳಗೆ ಕೂಡಿಹಾಕಬೇಕು. ಪ್ರತಿಯೊಬ್ಬ ಸರಬರಾಜುದಾರನೂ ತನ್ನ ಪೆಟ್ಟಿಗೆ ಮಿತಿಯೊಳಗಿದೆ ಎಂದು ಟೆಸ್ಟ್ ವರದಿ ತರಬಹುದು, ವರದಿ ನಿಜವೂ ಇರಬಹುದು. ಅವನ್ನೆಲ್ಲ ಒಂದೇ ಕಡೆ ಇಟ್ಟಾಗ ಮೊತ್ತ ಮಿತಿ ದಾಟಿದರೆ? ಆ ಮೊತ್ತ ಯಾರ ಪೆಟ್ಟಿಗೆಯಲ್ಲೂ ಇಲ್ಲ. ಅದಕ್ಕೇ ಪೆಟ್ಟಿಗೆ ತಯಾರಾಗುವ ಮೊದಲೇ ಇಷ್ಟು ಸದ್ದು ನಿನಗೆ, ಇಷ್ಟು ಅವನಿಗೆ ಎಂದು ಹಂಚಬೇಕು, ಒಬ್ಬ ಮೀರಿದರೆ ಇನ್ನೊಬ್ಬನಿಂದ ಕಿತ್ತು ಕೊಡಬೇಕು. ಕೊಡಲು ಯಾರೂ ಒಪ್ಪುವುದಿಲ್ಲ. ಜನ ನನ್ನ ಕೆಲಸವನ್ನು ಖಗೋಳವಿಜ್ಞಾನ ಅಂದುಕೊಂಡಿದ್ದಾರೆ. ದಿನದ ಬಹುಪಾಲು ಅಣ್ಣತಮ್ಮಂದಿರ ಪಾಲುಪಟ್ಟಿ.

ಪಾಲುಪಟ್ಟಿಗೊಬ್ಬ ಯಜಮಾನ ಬೇಕು. ಒಪ್ಪಂದ ಎರಡೂ ಕಡೆಯವರದ್ದೇ ಇರಲಿ, ಸಹಿಯೂ ಇಬ್ಬರದ್ದೇ ಇರಲಿ. ಆದರೆ ಒಂದೊಂದು ಸಾಲಿನ ಮುಂದೆ ಒಬ್ಬರದೇ ಹೆಸರು ಇರಬೇಕು, ಆ ಹೆಸರಿನವರಿಗೆ "ಇದು ಆಗಲ್ಲ, ವಾಪಸ್ ತಗೊಂಡು ಹೋಗಿ" ಅನ್ನುವ ಅಧಿಕಾರವೂ ಇರಬೇಕು. ಅಧಿಕಾರ ಕೊಡದೆ ಹೆಸರು ಮಾತ್ರ ಬರೆದರೆ ಬೈಸಿಕೊಳ್ಳಲು ಒಬ್ಬನನ್ನು ಗೊತ್ತುಮಾಡಿದಂತೆ. ಇದನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ, ನಮ್ಮ ಕಸುಬಿನಲ್ಲಿ ಎಲ್ಲರೂ ಬಲ್ಲರು. ಬಲ್ಲವರೇ ಗಡಿಬಿಡಿಯಲ್ಲಿ ಆ ಕಾಲಮ್ಮಿನಲ್ಲಿ 'ಜಂಟಿ' ಎಂದು ತುಂಬಿ ಮುಂದಿನ ಸಾಲಿಗೆ ಹೋಗುತ್ತಾರೆ.

ಸೋಮವಾರ ಲ್ಯಾಪ್‌ಟಾಪ್ ತೆರೆದು, ನಮ್ಮ ಕಂಪನಿಯ ಪಟ್ಟಿಯಲ್ಲಿ 'ಜಂಟಿ' ಎಂದಿರುವ ಸಾಲುಗಳನ್ನೆಲ್ಲ ಸೋಸಿ ತೆಗೆದೆ. ಒಂದೊಂದಕ್ಕೂ ಒಂದೊಂದು ಹೆಸರು ಹಾಕಿ ಕಳಿಸಿದೆ. ಗ್ರೌಂಡಿಂಗ್ ವಿಷಯ ಪಾಲಿಗೆ ಬಂದ ಸಹೋದ್ಯೋಗಿ ಹತ್ತೇ ನಿಮಿಷಕ್ಕೆ ಫೋನ್ ಮಾಡಿ, "ನಾನೇ ಯಾಕೆ? ಅದು ಅವರದ್ದೂ ಅಲ್ವೇನೋ?" ಅಂದ. ಬೆಳಿಗ್ಗೆಯಿಂದ ಇನ್ನೂ ಇಬ್ಬರು ಅದನ್ನೇ ಕೇಳಿದ್ದಾರೆ. ಶುಕ್ರವಾರ ಮೀಟಿಂಗ್ ಇಟ್ಟಿದ್ದೇವೆ.